ಅವಳೇ ಇವಳು!

ಓದುಗರ ಪತ್ರ: "ಕಳೆದ ಸಂಚಿಕೆಯಲ್ಲಿ ಹಳೆಯ ಹಾಲಿವುಡ್ ನಟಿಯರ ಬಗ್ಗೆ ಬರೆಯುತ್ತಾ ಬಾರ್ಬರಾ ಸ್ಟಾನ್ವಿಕ್ ಅವರನ್ನು ಎಲ್ಲರಿಗಿಂತ ಮೇಲೆ ಕೂರಿಸಿದ್ದೀರಿ. ಯಾವ ಲೆಕ್ಕದಲ್ಲಿ? ಆಕೆಗೆ ಸ್ಪರ್ಧೆಯಲ್ಲಿ ಒಂದೇ ಒಂದು ಆಸ್ಕರ್ ಬಂದಿಲ್ಲ. ಕ್ಯಾಥರೀನ್ ಹೆಪ್‌ಬರ್ನ್‌ಗೆ ನಾಲ್ಕು ಬಂದಿವೆ. ಹಾಗಂತ ನನ್ನ ಓಟು ಹೆಪ್‌ಬರ್ನ್‌ಗೂ ಇಲ್ಲ. ಯಾವ ಚಿತ್ರ ನೋಡಿದರೂ ಅದೇ ಮಾತು, ಅದೇ ನಡಿಗೆ. ಪ್ರತಿ ಸಲವೂ ಬೇರೆಯೇ ಹೆಂಗಸಾಗಿ ಕಂಡವರು ಬೆಟ್ಟಿ ಡೇವಿಸ್ ಒಬ್ಬರೇ. ಎಲ್ಲ ಥರದ ಪಾತ್ರ ಮಾಡಬಲ್ಲ ನಟಿ ಅಂದರೆ ಅವರು. ದಯವಿಟ್ಟು ಎರಡು ಸಾಲಿನಲ್ಲಿ ಹಾರಿಸಬೇಡಿ."
ಓದುಗರೊಬ್ಬರು, ಸಾಗರ

ಸಂಪಾದಕರ ಉತ್ತರ:

ನಮಸ್ಕಾರ. ಹಾರಿಸುವುದಿಲ್ಲ. ಈ ತಿಂಗಳು ಪುಟ ಪೂರ್ತಿ ನಿಮಗೇ ಬಿಟ್ಟಿದ್ದೇನೆ. ಉಳಿದ ಪತ್ರದವರು ಸಿಟ್ಟಾಗಬಾರದು.

ಡೇವಿಸ್ ಬಗ್ಗೆ ನೀವು ಹೇಳಿದ್ದನ್ನು ತಳ್ಳಿಹಾಕುವ ಹಾಗಿಲ್ಲ. 1939ರಲ್ಲಿ ಮೊದಲನೇ ಎಲಿಜಬೆತ್ ರಾಣಿಯ ಪಾತ್ರ ಮಾಡುವಾಗ ಅವರಿಗೆ 31 ವರ್ಷ. ಆ ರಾಣಿಗೋ ಅರವತ್ತರ ಮೇಲೆ. ಡೇವಿಸ್ ಹಣೆಯ ಮೇಲಿನ ಕೂದಲನ್ನೇ ಬೋಳಿಸಿಕೊಂಡು ಕ್ಯಾಮೆರಾ ಮುಂದೆ ಬಂದರು. 1942ರ 'ನೌ, ವೊಯೇಜರ್' ಚಿತ್ರದಲ್ಲಿ ಮೊದಲಿಗೆ ಅವರ ಮುಖವನ್ನೇ ತೋರಿಸುವುದಿಲ್ಲ. ಏನೋ ಕೆತ್ತುತ್ತಿರುವ ಕೈ ಕಾಣುತ್ತದೆ. ಆಮೇಲೆ ಮೆಟ್ಟಿಲು ಇಳಿಯುವ ಕಾಲು, ಅಂದಚಂದ ಇಲ್ಲದ ಶೂ. ಕೊನೆಗೆ ಮುಖ: ದಪ್ಪ ಹುಬ್ಬು, ಕನ್ನಡಕ, ಬೆದರಿದ ಕಣ್ಣು. ಅದೇ ಹೆಣ್ಣು ಚೇತರಿಸಿಕೊಂಡು ಹಡಗಿನಲ್ಲಿ ಪ್ರಯಾಣ ಹೊರಟಾಗ ಕ್ಯಾಮೆರಾ ಮತ್ತೆ ಶೂನಿಂದಲೇ ಶುರು ಮಾಡಿ, ನಿಧಾನಕ್ಕೆ ಮೇಲೇರಿ, ಅಗಲ ಅಂಚಿನ ಹ್ಯಾಟ್‌ವರೆಗೆ ಹೋಗುತ್ತದೆ. 1962ರ 'ವಾಟ್ ಎವರ್ ಹ್ಯಾಪನ್ಡ್ ಟು ಬೇಬಿ ಜೇನ್?' ಚಿತ್ರಕ್ಕಂತೂ ಮುಖಕ್ಕೆ ಸುಣ್ಣ ಬಳಿದ ಹಾಗೆ ಪೌಡರ್ ಮೆತ್ತಿಕೊಂಡರು. ಆ ಮೇಕಪ್ ಯೋಚನೆಯೂ ಅವರದೇ. ಚೆನ್ನಾಗಿ ಕಾಣಬೇಕು ಅನ್ನುವ ಆಸೆಯನ್ನು ಆ ಕಾಲದ ಹಾಲಿವುಡ್‌ನಲ್ಲಿ ಇಷ್ಟು ಸಲೀಸಾಗಿ ಬಿಟ್ಟುಕೊಟ್ಟ ದೊಡ್ಡ ನಟಿ ಮತ್ತೊಬ್ಬರು ನನಗೆ ನೆನಪಾಗುತ್ತಿಲ್ಲ.

ಆದರೆ ಮೇಕಪ್ ಒರೆಸಿ ನೋಡಿ. ಒಳಗೆ ಯಾರಿದ್ದಾರೆ? ಪ್ರತಿ ಸಲವೂ ಬೆಟ್ಟಿ ಡೇವಿಸ್ಸೇ. ಆ ದೊಡ್ಡ ಕಣ್ಣು, ಕಡಿದು ಕಡಿದು ಆಡುವ ಮಾತು, ಸಿಗರೇಟು ಹಿಡಿದ ಕೈಯ ಚಡಪಡಿಕೆ. ನೀವು ಹೆಪ್‌ಬರ್ನ್ ಮೇಲೆ ಹೊರಿಸಿದ ಆರೋಪ ಇವರ ಮೇಲೂ ನಿಲ್ಲುತ್ತದೆ, ಅಲ್ವಾ? ಡೇವಿಸ್ ಬದಲಾಯಿಸುತ್ತಿದ್ದುದು ಹೊರಗನ್ನು. ಒಳಗಿನ ಬಿರುಸು ಒಂದೇ. ಅದು ಅವರ ದೋಷ ಅಂತ ನಾನು ಹೇಳುತ್ತಿಲ್ಲ. ಆ ಬಿರುಸಿಗಾಗಿಯೇ ಜನ ಟಿಕೆಟ್ ತೆಗೆದುಕೊಂಡು ಹೋಗುತ್ತಿದ್ದರು.

ಈಗ ಎರಡು ದೃಶ್ಯ ಅಕ್ಕಪಕ್ಕ ಇಟ್ಟು ನೋಡೋಣ. ಎರಡರಲ್ಲೂ ಗಂಡ ಸಾಯುತ್ತಾನೆ. ಎರಡರಲ್ಲೂ ಹೆಂಡತಿ ಕೂತಲ್ಲೇ ಕೂತಿರುತ್ತಾಳೆ. ಎರಡರಲ್ಲೂ ಕ್ಯಾಮೆರಾಕ್ಕೆ ಬೇಕಾಗಿರುವುದು ಅವಳ ಮುಖ ಮಾತ್ರ.

ಒಂದು, ವಿಲಿಯಂ ವೈಲರ್ ನಿರ್ದೇಶನದ 'ದಿ ಲಿಟಲ್ ಫಾಕ್ಸಸ್', 1941. ಗಂಡನಿಗೆ ಹೃದಯದ ಕಾಯಿಲೆ. ಔಷಧಿ ಬಾಟಲಿ ಕೈಜಾರಿ ಒಡೆಯುತ್ತದೆ. ಮಹಡಿ ಮೇಲೆ ಇನ್ನೊಂದಿದೆ, ತಂದುಕೊಡು ಅನ್ನುತ್ತಾನೆ. ಡೇವಿಸ್ ಮಾಡಿದ ರೆಜಿನಾ ಅಲ್ಲಾಡುವುದಿಲ್ಲ. ಅವನು ಗೋಡೆ ಹಿಡಿದುಕೊಂಡು ಅವಳ ಹಿಂದಿನಿಂದ ಮೆಟ್ಟಿಲ ಕಡೆ ತೆವಳುತ್ತಾನೆ. ಛಾಯಾಗ್ರಾಹಕ ಗ್ರೆಗ್ ಟೋಲೆಂಡ್ ಅವನನ್ನು ಮಸುಕು ಮಾಡಿಬಿಟ್ಟಿದ್ದಾರೆ. ಸ್ಪಷ್ಟವಾಗಿ ಕಾಣುವುದು ಸೋಫಾದ ಮೇಲಿನ ಆ ಬಿಳಿ ಮುಖ, ನೆಟ್ಟಗಿನ ಬೆನ್ನು, ಅರಳಿದ ಕಣ್ಣು. ಅವಳು ಹಿಂದಕ್ಕೆ ತಿರುಗಿ ನೋಡುವುದಿಲ್ಲ, ಆದರೆ ಮೈಯೆಲ್ಲ ಕಿವಿಯಾಗಿದೆ. ಅವನು ಬಿದ್ದ ಮೇಲಷ್ಟೇ ಎದ್ದು ಕೂಗಿಕೊಳ್ಳುತ್ತಾಳೆ. ಮುಖಕ್ಕೆ ಅಷ್ಟು ಬಿಳಿ ಬೇಡ ಅಂತ ವೈಲರ್ ಜಗಳ ಆಡಿದ್ದರು. ಡೇವಿಸ್ ಬಗ್ಗಲಿಲ್ಲ.

ಇನ್ನೊಂದು, ಬಿಲ್ಲಿ ವೈಲ್ಡರ್ ನಿರ್ದೇಶನದ 'ಡಬಲ್ ಇನ್‌ಡೆಮ್ನಿಟಿ', 1944. ಸ್ಟಾನ್ವಿಕ್ ಮಾಡಿದ ಫಿಲಿಸ್ ಕಾರು ಓಡಿಸುತ್ತಿದ್ದಾಳೆ. ಪಕ್ಕದಲ್ಲಿ ಕಾಲು ಮುರಿದುಕೊಂಡ ಗಂಡ. ಹಿಂದಿನ ಸೀಟಿನ ಕೆಳಗೆ ಅವಳ ಪ್ರಿಯಕರ ಅಡಗಿದ್ದಾನೆ. ಕತ್ತಲೆ ಬೀದಿಗೆ ಬಂದಾಗ ಅವಳು ಮೂರು ಸಲ ಹಾರ್ನ್ ಹೊಡೆಯುತ್ತಾಳೆ. ಅದೇ ಸನ್ನೆ. ಪಕ್ಕದಲ್ಲಿ ಗಂಡನ ಕುತ್ತಿಗೆ ಮುರಿಯುತ್ತಿದೆ, ನಮಗೆ ಅದು ಕಾಣುವುದಿಲ್ಲ. ಕಾಣುವುದು ಅವಳ ಮುಖ. ಕಣ್ಣು ರಸ್ತೆ ಮೇಲೆ. ಹುಬ್ಬು ಮೇಲೇರುವುದಿಲ್ಲ, ತುಟಿ ಕಚ್ಚುವುದಿಲ್ಲ. ಎಲ್ಲೋ ಒಂದು ಕಡೆ ಸಣ್ಣ ಸಮಾಧಾನ ಹಾದುಹೋದ ಹಾಗೆ ಅನಿಸುತ್ತದೆ. ಹೌದೋ ಅಲ್ಲವೋ ಅಂತ ನೋಡುವಷ್ಟರಲ್ಲಿ ಮಾಯ.

ಡೇವಿಸ್ ದೃಶ್ಯದಲ್ಲಿ ರೆಜಿನಾ ಏನು ಯೋಚಿಸುತ್ತಿದ್ದಾಳೆ ಅಂತ ನಮಗೆ ಪೂರ್ತಿ ಗೊತ್ತಾಗುತ್ತದೆ. ಅದು ಭರ್ಜರಿ ನಟನೆ. ಸ್ಟಾನ್ವಿಕ್ ದೃಶ್ಯದಲ್ಲಿ ಏನೂ ಗೊತ್ತಾಗುವುದಿಲ್ಲ, ಅದಕ್ಕೇ ಭಯವಾಗುತ್ತದೆ. ಚಿತ್ರದಲ್ಲಿ ಆಕೆಗೆ ಹಾಕಿದ ವೇಷ ಅಂದರೆ ಒಂದು ಹೊಂಬಣ್ಣದ ವಿಗ್, ಕಾಲಿಗೊಂದು ಸರಪಣಿ, ಅಷ್ಟೇ. ಆ ವಿಗ್ ನೋಡಿ ಪ್ಯಾರಾಮೌಂಟ್ ಸ್ಟುಡಿಯೋದ ಮುಖ್ಯಸ್ಥರು, ನಾವು ಕರೆದದ್ದು ಸ್ಟಾನ್ವಿಕ್‌ರನ್ನು, ಬಂದದ್ದು ಜಾರ್ಜ್ ವಾಷಿಂಗ್ಟನ್ (ಚಿತ್ರಪಟಗಳಲ್ಲಿ ಸುರುಳಿ ಸುರುಳಿ ಬಿಳಿ ಕೂದಲಿನಲ್ಲಿ ಕಾಣುವ ಅಮೆರಿಕದ ಮೊದಲ ಅಧ್ಯಕ್ಷ) ಅಂತ ತಮಾಷೆ ಮಾಡಿದ್ದರಂತೆ.

ಇದೇ ಹೆಂಗಸು ಮೂರು ವರ್ಷ ಮೊದಲು ಏನು ಮಾಡಿದ್ದರು ಗೊತ್ತಾ? ಪ್ರೆಸ್ಟನ್ ಸ್ಟರ್ಜಸ್ ಅವರ 'ದಿ ಲೇಡಿ ಈವ್'. ಹಡಗಿನಲ್ಲಿ ಇಸ್ಪೀಟಿನಲ್ಲಿ ಜನರಿಗೆ ಟೋಪಿ ಹಾಕುವ ಜೀನ್. ಊಟದ ಹಾಲ್‌ನಲ್ಲಿ ಶ್ರೀಮಂತ ಹುಡುಗ ಹೆನ್ರಿ ಫೋಂಡಾ ಪುಸ್ತಕ ಓದುತ್ತಾ ಕೂತಿರುತ್ತಾನೆ. ಸುತ್ತಲಿನ ಹುಡುಗಿಯರೆಲ್ಲ ಅವನ ಕಣ್ಣಿಗೆ ಬೀಳಲು ಸರ್ಕಸ್ ಮಾಡುತ್ತಿದ್ದಾರೆ. ಜೀನ್ ಅವನಿಗೆ ಬೆನ್ನು ಹಾಕಿ, ಪೌಡರ್ ಡಬ್ಬಿಯ ಕನ್ನಡಿಯಲ್ಲಿ ಇದನ್ನೆಲ್ಲ ನೋಡುತ್ತಾ ರನ್ನಿಂಗ್ ಕಾಮೆಂಟರಿ ಕೊಡುತ್ತಾಳೆ. ಒಬ್ಬೊಬ್ಬ ಹುಡುಗಿಯ ಮನಸ್ಸಿನ ಮಾತನ್ನೂ ಇವಳೇ ಹೇಳುತ್ತಾಳೆ. ಕೊನೆಗೆ ಅವನು ಎದ್ದು ಹೋಗುವಾಗ ಸುಮ್ನೆ ಕಾಲು ಚಾಚುತ್ತಾಳೆ. ಅವನು ಮುಗ್ಗರಿಸಿ ದಬಕ್ಕಂತ ಬೀಳುತ್ತಾನೆ. ಬಿದ್ದವನನ್ನೇ ಬೈಯುತ್ತಾಳೆ, ನನ್ನ ಶೂ ಹಾಳಾಯಿತು ಅಂತ!

ನಿಮ್ಮ ಪತ್ರಕ್ಕೆ ಬೇಕಾದ ಉತ್ತರ ಈ ಚಿತ್ರದ ಎರಡನೇ ಭಾಗದಲ್ಲಿದೆ. ಅವನು ಕೈಕೊಟ್ಟ ಮೇಲೆ ಜೀನ್ ಸೇಡು ತೀರಿಸಿಕೊಳ್ಳಲು ಇಂಗ್ಲೆಂಡಿನ ಸಿರಿವಂತ ಮನೆತನದ ಈವ್ ಆಗಿ ಅವನ ಮನೆಗೇ ಬರುತ್ತಾಳೆ. ವಿಗ್ ಇಲ್ಲ, ಮಚ್ಚೆ ಇಲ್ಲ, ಕನ್ನಡಕ ಇಲ್ಲ. ಅದೇ ಮುಖ. ಬದಲಾದದ್ದು ಮಾತಿನ ಧಾಟಿ, ತಲೆ ಎತ್ತಿ ನಿಲ್ಲುವ ರೀತಿ. ಮನೆಯ ಆಳು, ಇವಳೇ ಅವಳು ಅಂತ ಬಡಕೊಳ್ಳುತ್ತಾನೆ. ಹುಡುಗ ಒಪ್ಪುವುದಿಲ್ಲ. ಮೋಸ ಮಾಡುವವಳಾಗಿದ್ದರೆ ಕೂದಲಿಗಾದರೂ ಬಣ್ಣ ಹಾಕಿಕೊಂಡು ಬರುತ್ತಿದ್ದಳು, ಇಷ್ಟೊಂದು ಹೋಲುತ್ತಾಳೆ ಅಂದರೆ ಇವಳು ಅವಳಲ್ಲವೇ ಅಲ್ಲ ಅನ್ನುವುದು ಅವನ ವಾದ. ವಾದ ಪೆದ್ದುತನದ್ದು, ಆದರೆ ನೋಡುತ್ತಾ ಕೂತಾಗ ನನಗೂ ಇವಳು ಬೇರೆಯವಳೇ ಇರಬೇಕು ಅನಿಸುತ್ತದೆ. ಬಣ್ಣ ಹಚ್ಚದೆ ಬೇರೆಯವಳಾಗುವುದು ಅಂದರೆ ಇದು. ಸ್ಟಾನ್ವಿಕ್‌ರನ್ನು ನಾನು ಮೇಲೆ ಕೂರಿಸಿದ್ದು ಈ ಲೆಕ್ಕದಲ್ಲಿ.

ಆ 1941ನೇ ಇಸವಿಯನ್ನೇ ಹಿಡಿದುಕೊಳ್ಳಿ. ಸ್ಟಾನ್ವಿಕ್‌ಗೆ ಆ ವರ್ಷ 'ದಿ ಲೇಡಿ ಈವ್', ಜೊತೆಗೆ ಪತ್ರಕರ್ತೆಯಾಗಿ 'ಮೀಟ್ ಜಾನ್ ಡೋ', ಕ್ಲಬ್ ಹಾಡುಗಾರ್ತಿಯಾಗಿ 'ಬಾಲ್ ಆಫ್ ಫೈರ್'. ಡೇವಿಸ್‌ಗೆ 'ದಿ ಲಿಟಲ್ ಫಾಕ್ಸಸ್', ಜೊತೆಗೆ ಜೇಮ್ಸ್ ಕ್ಯಾಗ್ನಿ ಎದುರು 'ದಿ ಬ್ರೈಡ್ ಕೇಮ್ ಸಿ.ಓ.ಡಿ.' ಅನ್ನುವ ಹಾಸ್ಯ ಚಿತ್ರ. ಅದರಲ್ಲಿ ಡೇವಿಸ್ ಪಾಪಸುಕಳ್ಳಿ ಮೇಲೆ ಬೀಳುತ್ತಾರೆ. ನಗು ಬರುವುದಿಲ್ಲ, ಅಯ್ಯೋ ಪಾಪ ಅನಿಸುತ್ತದೆ. ನಗಿಸುವುದಕ್ಕೆ ಬೇಕಾದ ಹಗುರ ಅವರಲ್ಲಿ ಇರಲಿಲ್ಲ. 1950ರ 'ಆಲ್ ಅಬೌಟ್ ಈವ್' ಚಿತ್ರದಲ್ಲಿ ನಗಿಸುತ್ತಾರೆ, ನಿಜ. ಆದರೆ ಅದು ಚುಚ್ಚುವ ನಗು. ಚುಚ್ಚುವುದರಲ್ಲಿ ಅವರನ್ನು ಮೀರಿಸಿದವರಿಲ್ಲ ಬಿಡಿ.

ಈ ವ್ಯತ್ಯಾಸ ಬರೀ ಪ್ರತಿಭೆಯದಲ್ಲ. ಆಗ ಹೆಚ್ಚಿನ ನಟಿಯರು ಸ್ಟುಡಿಯೋಗಳ ಸಂಬಳದವರು. ಏಳು ವರ್ಷದ ಕಾಂಟ್ರಾಕ್ಟ್. ಕೊಟ್ಟ ಪಾತ್ರ ಮಾಡಬೇಕು. ಒಲ್ಲೆ ಅಂದರೆ ಸಂಬಳ ಕಟ್, ಕೂತ ದಿನಗಳನ್ನು ಕಾಂಟ್ರಾಕ್ಟ್‌ನ ಕೊನೆಗೆ ಸೇರಿಸುತ್ತಿದ್ದರು. ಒಂದು ಇಮೇಜ್ ಓಡಿತು ಅಂದರೆ ಸ್ಟುಡಿಯೋ ಅದನ್ನೇ ಮತ್ತೆ ಮತ್ತೆ ಮಾರುತ್ತಿತ್ತು. ಗ್ರೆಟಾ ಗಾರ್ಬೊ ಎಷ್ಟು ವರ್ಷ ಪ್ರೀತಿಗಾಗಿ ಕೊರಗಿದರು ಅಂದರೆ, 1939ರಲ್ಲಿ 'ನಿನೋಚ್ಕಾ' ಬಂದಾಗ 'ಗಾರ್ಬೊ ನಗುತ್ತಾಳೆ!' ಅನ್ನುವುದೇ ಜಾಹೀರಾತು. ಡೇವಿಸ್ 1936ರಲ್ಲಿ ವಾರ್ನರ್ ಬ್ರದರ್ಸ್ ಬಿಟ್ಟು ಇಂಗ್ಲೆಂಡಿಗೆ ಹೋದರು. ಕಾಂಟ್ರಾಕ್ಟ್ ಜಗಳ ಲಂಡನ್ ಕೋರ್ಟಿಗೆ ಹೋಯಿತು, ಅಲ್ಲಿ ಸೋತು ವಾಪಸ್ ಬಂದರು. ಅದೇ ಸ್ಟುಡಿಯೋ ವಿರುದ್ಧ ಇನ್ನೊಬ್ಬ ನಟಿ ಒಲಿವಿಯಾ ಡಿ ಹ್ಯಾವಿಲೆಂಡ್ 1944ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಗೆದ್ದರು. ಏಳು ವರ್ಷ ಅಂದರೆ ಕ್ಯಾಲೆಂಡರಿನ ಏಳು ವರ್ಷ, ಅದರ ಮೇಲೆ ಎಳೆಯುವ ಹಾಗಿಲ್ಲ ಅಂತ ತೀರ್ಪಾಯಿತು. ಸ್ಟಾನ್ವಿಕ್ ಮಾತ್ರ ಯಾವ ಸ್ಟುಡಿಯೋಗೂ ಪೂರ್ತಿ ಸೇರಿದವರಾಗಿರಲಿಲ್ಲ. ಇಲ್ಲೊಂದು ಚಿತ್ರ, ಅಲ್ಲೊಂದು ಚಿತ್ರ. ಹಾಗಾಗಿ ಒಂದೇ ಅಚ್ಚಿಗೆ ಹಾಕುವವರು ಯಾರೂ ಇರಲಿಲ್ಲ. ಜೊತೆಗೆ ಆಕೆಯನ್ನು ಕಾಯುವವರೂ ಇರಲಿಲ್ಲ.

ಅಲ್ಲಿಗೆ ಆಸ್ಕರ್ ವಿಷಯ ಬಂತು. ಸ್ಟಾನ್ವಿಕ್ ಹೆಸರು ನಾಲ್ಕು ಸಲ ಅಂತಿಮ ಪಟ್ಟಿಯಲ್ಲಿತ್ತು. ಸ್ಟುಡಿಯೋದ ಬೆಂಬಲ ಇಲ್ಲದಿದ್ದದ್ದೂ ಸೋಲಿಗೆ ಒಂದು ಕಾರಣ ಇರಬೇಕು. 1982ರಲ್ಲಿ ಗೌರವ ಆಸ್ಕರ್ ಕೊಟ್ಟು ಕೈತೊಳೆದುಕೊಂಡರು. ಮೊದಲ ಸಲ ಸೋತದ್ದು 1937ರ 'ಸ್ಟೆಲ್ಲಾ ಡಲ್ಲಾಸ್' ಚಿತ್ರಕ್ಕೆ. ಅದರಲ್ಲಿ ಒಂದು ರೈಲಿನ ದೃಶ್ಯ ಇದೆ. ಕೆಳಗಿನ ಬರ್ತ್‌ನಲ್ಲಿ ತಾಯಿ, ಮೇಲಿನದರಲ್ಲಿ ಮಗಳು. ಆಚೆ ಮಗಳ ಗೆಳತಿಯರು ತಾಯಿಯ ಬಟ್ಟೆಬರೆ ಬಗ್ಗೆ ಆಡಿಕೊಂಡು ನಗುತ್ತಿದ್ದಾರೆ. ಇಬ್ಬರಿಗೂ ಕೇಳಿಸಿದೆ. ಮಗಳು ಮೆಲ್ಲಗೆ ಕೆಳಗಿಳಿದು ತಾಯಿಯ ಪಕ್ಕ ಮಲಗುತ್ತಾಳೆ. ತಾಯಿ ನಿದ್ದೆ ಬಂದವಳ ಹಾಗೆ ನಟಿಸುತ್ತಾಳೆ. ಆ ಚಿತ್ರಕ್ಕೆ ಬರಬೇಕಾದ ಆಸ್ಕರ್ ಹೋದದ್ದು ಚೀನೀ ರೈತ ಹೆಂಗಸಿನ ವೇಷ ಹಾಕಿದ ಲೂಯಿಸ್ ರೈನರ್‌ಗೆ. ರೈನರ್ ಚೀನಾದವರಲ್ಲ. ಆ ಪಾತ್ರದ ಮೇಲೆ ಆಸೆ ಇಟ್ಟುಕೊಂಡಿದ್ದ ಅಮೆರಿಕದ ಚೀನೀ ಮೂಲದ ನಟಿ ಆ್ಯನಾ ಮೇ ವಾಂಗ್‌ಗೆ ಅದು ಸಿಗಲಿಲ್ಲ.

ಎಲ್ಲ ಥರದ ಪಾತ್ರ ಅಂತ ನಾವು ಚರ್ಚೆ ಮಾಡುವಾಗ ಇದನ್ನು ಮರೆಯುತ್ತೇವೆ. 'ಗಾನ್ ವಿತ್ ದ ವಿಂಡ್' ಚಿತ್ರಕ್ಕೆ ಆಸ್ಕರ್ ಗೆದ್ದ ಮೊದಲ ಕಪ್ಪು ಕಲಾವಿದೆ ಹ್ಯಾಟಿ ಮೆಕ್‌ಡ್ಯಾನಿಯಲ್ ಸಮಾರಂಭದಲ್ಲಿ ಬೇರೆ ಮೇಜಿನಲ್ಲಿ ಕೂರಬೇಕಾಯಿತು. ಗೆದ್ದ ಮೇಲೂ ಬಂದದ್ದು ಮನೆಗೆಲಸದವಳ ಪಾತ್ರಗಳೇ. ಆಕೆಯ ಶಕ್ತಿ ಎಷ್ಟಿತ್ತು ಅಂತ ಅಳೆಯುವ ಅವಕಾಶವನ್ನೇ ಹಾಲಿವುಡ್ ಕೊಡಲಿಲ್ಲ. ಅದೇ ಚಿತ್ರದ ನಾಯಕಿ ವಿವಿಯನ್ ಲೀ ಹುಟ್ಟಿದ್ದು ಡಾರ್ಜಿಲಿಂಗ್‌ನಲ್ಲಿ. ಆಕೆ ಊಟಿಯಲ್ಲಿ ಮಗುವಾಗಿದ್ದಾಗ ಅಪ್ಪನಿಗೆ ಬೆಂಗಳೂರಿನಲ್ಲಿ ಸೇನೆಯ ಕೆಲಸ. ಇದಕ್ಕೂ ನಿಮ್ಮ ಪ್ರಶ್ನೆಗೂ ಸಂಬಂಧ ಇಲ್ಲ, ಬರೆಯಬೇಕು ಅನಿಸಿತು.

ಸ್ಟಾನ್ವಿಕ್‌ಗೆ ಬಾರದ್ದೂ ಇತ್ತು. ಬ್ರೂಕ್ಲಿನ್‌ನಲ್ಲಿ ಅಪ್ಪ ಅಮ್ಮ ಇಲ್ಲದೆ ಬೆಳೆದು, ಹದಿಹರೆಯದಲ್ಲೇ ಕುಣಿಯುವ ಕೆಲಸಕ್ಕೆ ಸೇರಿದ ಹುಡುಗಿ. ಆ ಊರಿನ ದನಿ ಕೊನೆವರೆಗೂ ಬಿಡಲಿಲ್ಲ. 1936ರಲ್ಲಿ ಜಾನ್ ಫೋರ್ಡ್ ಆಕೆಯನ್ನು ಐರ್ಲೆಂಡಿನ ಹೆಂಡತಿ ಮಾಡಿದರು. ನನಗಂತೂ ಅದು ಹೊಂದಲಿಲ್ಲ. ಎಲಿಜಬೆತ್ ರಾಣಿಯ ಪಾತ್ರ ಕೊಟ್ಟಿದ್ದರೆ ಇನ್ನೂ ಕಷ್ಟವಾಗುತ್ತಿತ್ತು. ಆ ಮೈದಾನ ಡೇವಿಸ್ ಅವರದೇ.

ಇನ್ನು ಹೆಪ್‌ಬರ್ನ್. ಒಂದೇ ಮಾತು, ಒಂದೇ ನಡಿಗೆ ಅಂದಿರಿ. ಒಪ್ಪಿದೆ. 1944ರಲ್ಲಿ ಒಮ್ಮೆ ಚೀನೀ ಹಳ್ಳಿ ಹೆಣ್ಣಾಗಿ ಬಣ್ಣ ಹಚ್ಚಿಕೊಂಡರು. ಅದನ್ನು ನೋಡದಿರುವುದೇ ವಾಸಿ. ಆಕೆಯ ಜಾಣತನ ಬೇರೆ ಕಡೆ ಇತ್ತು. 1938ರಲ್ಲಿ ಚಿತ್ರಮಂದಿರದ ಮಾಲೀಕರು ಪತ್ರಿಕೆಯಲ್ಲಿ ಜಾಹೀರಾತು ಹಾಕಿ, ಗಲ್ಲಾಪೆಟ್ಟಿಗೆಗೆ ವಿಷ ಅಂತ ಕೆಲವರ ಹೆಸರು ಕೊಟ್ಟರು. ಅದರಲ್ಲಿ ಈಕೆಯೂ ಇದ್ದರು. ಸೊಕ್ಕಿನವಳು ಅನ್ನುವುದು ಜನರ ಸಿಟ್ಟು. ಹೆಪ್‌ಬರ್ನ್ ಏನು ಮಾಡಿದರು? ಸೊಕ್ಕಿನ ಹೆಣ್ಣಿನ ಮೇಲೆಯೇ ಬರೆದ 'ದಿ ಫಿಲಡೆಲ್ಫಿಯಾ ಸ್ಟೋರಿ' ನಾಟಕವನ್ನು ಆಡಿ, ಅದರ ಹಕ್ಕನ್ನು ಕೈಯಲ್ಲಿಟ್ಟುಕೊಂಡು, 1940ರಲ್ಲಿ ತಾನೇ ನಾಯಕಿಯಾಗಿ ಸಿನಿಮಾ ಮಾಡಿಸಿದರು. ಮಾತೇ ಇಲ್ಲದ ಮೊದಲ ದೃಶ್ಯದಲ್ಲಿ ಆಕೆ ಗಂಡನ ಗಾಲ್ಫ್ ಕೋಲನ್ನು ಮೊಣಕಾಲಿಗೆ ಬಡಿದು ಮುರಿಯುತ್ತಾಳೆ. ಗಂಡ ಕ್ಯಾರಿ ಗ್ರಾಂಟ್ ಅವಳ ಮುಖಕ್ಕೆ ಅಂಗೈ ಇಟ್ಟು ಹಿಂದಕ್ಕೆ ಬೀಳಿಸುತ್ತಾನೆ. ಆಗ ಸಿಟ್ಟಾಗಿದ್ದ ಜನ ನಕ್ಕು ಸಮಾಧಾನ ಆದರು. ತನ್ನ ಇಮೇಜನ್ನೇ ಕಚ್ಚಾ ಮಾಲು ಮಾಡಿಕೊಳ್ಳುವುದೂ ಒಂದು ಕಲೆ.

'ದಿ ಆಫ್ರಿಕನ್ ಕ್ವೀನ್' ಶೂಟಿಂಗ್‌ನಲ್ಲಿ ನಿರ್ದೇಶಕ ಜಾನ್ ಹ್ಯೂಸ್ಟನ್ ಆಕೆಗೆ ಕೊಟ್ಟ ಸಲಹೆ ಒಂದೇ: ಗಾಯಗೊಂಡ ಸೈನಿಕರನ್ನು ನೋಡಲು ಹೋದಾಗ ಅಮೆರಿಕದ ಅಧ್ಯಕ್ಷರ ಪತ್ನಿ ಎಲಿನೋರ್ ರೂಸ್‌ವೆಲ್ಟ್ ಹೇಗೆ ನಗುತ್ತಿದ್ದರೋ ಹಾಗೆ ನಗು. ಪಾತ್ರ ಪೂರ್ತಿ ಆ ನಗುವಿನ ಮೇಲೆ ನಿಂತಿತು. ಮಾತು, ನಡಿಗೆ ಎರಡೂ ಅವೇ.

ಇಷ್ಟಾದರೂ ನಿಮ್ಮ ಓಟು ಅವರಿಗೆ ಇಲ್ಲ ಅಂದರೆ 1962ರ 'ಲಾಂಗ್ ಡೇಸ್ ಜರ್ನಿ ಇನ್‌ಟು ನೈಟ್' ಹುಡುಕಿ ನೋಡಿ. ಯೂಜೀನ್ ಓನೀಲ್ ಅವರ ನಾಟಕ, ಸಿಡ್ನಿ ಲ್ಯೂಮೆಟ್ ನಿರ್ದೇಶನ. ಮಾರ್ಫಿನ್ ಚಟಕ್ಕೆ ಬಿದ್ದ ತಾಯಿ. ಗಂಡ ಮಕ್ಕಳ ಎದುರು ಬೆರಳು ಬಚ್ಚಿಡುತ್ತಾ, ಒಂದು ಕ್ಷಣ ಮುದ್ದು, ಮರುಕ್ಷಣ ಬೈಗುಳ. ಕೊನೆಗೆ ಮದುವೆಯ ಉಡುಪು ಹಿಡಿದು ಬಂದು ಕಾನ್ವೆಂಟ್ ದಿನಗಳ ಬಗ್ಗೆ ಮಾತಾಡುವಾಗ ಆ ದನಿ ಹುಡುಗಿಯದಾಗಿಬಿಡುತ್ತದೆ. ಆಸ್ಕರ್ ಸಿಗದ ಈ ಪಾತ್ರ ಗೆದ್ದ ನಾಲ್ಕಕ್ಕಿಂತಲೂ ದೊಡ್ಡದು ಅಂತ ನನ್ನ ಎಣಿಕೆ. ಉದ್ದ ಜಾಸ್ತಿ, ಹತ್ತಿರ ಹತ್ತಿರ ಮೂರು ಗಂಟೆ. ಭಾನುವಾರ ಊಟ ಆದ ಮೇಲೆ ಮಾತ್ರ ಹಾಕಬೇಡಿ, ಕಣ್ಣು ಎಳೆಯುತ್ತದೆ.