ಹಳಿಯಿಲ್ಲದ ಶಂಟಿಂಗ್

(ಓದುಗರ ಪತ್ರಕ್ಕೆ ಸಂಪಾದಕರ ಉತ್ತರ)

ಮಾನ್ಯರೇ,

ಎರಡು ಉಪಗ್ರಹಗಳನ್ನು ಕಕ್ಷೆಯಲ್ಲಿ ಜೋಡಿಸಿದ (ಇದಕ್ಕೆ ಡಾಕಿಂಗ್ ಎನ್ನುತ್ತಾರೆ) ಇಸ್ರೊದ ಸ್ಪೇಡೆಕ್ಸ್ ಯೋಜನೆ ಕುರಿತ ನಮ್ಮ ಲೇಖನ ಓದಿ ಹುಬ್ಬಳ್ಳಿಯಿಂದ ನೀವು ಬರೆದ ನಾಲ್ಕು ಪುಟದ ಪತ್ರ ತಲುಪಿತು. ರೈಲ್ವೆ ಯಾರ್ಡಿನಲ್ಲಿ ಶಂಟಿಂಗ್ ಮಾಡಿ ನಿವೃತ್ತರಾದವರು ನೀವು. ‘ನಾವು ದಿನಾ ಡಬ್ಬಿ ಜೋಡಸ್ತಿದ್ವಿ, ಯಾರೂ ಚಪ್ಪಾಳಿ ತಟ್ಟಲಿಲ್ಲ. ಇವರು ಎರಡು ಪೆಟ್ಟಿಗಿ ಜೋಡಸಾಕ ಹದಿನೇಳು ದಿನ ತಗೊಂಡ್ರು, ಅದರಾಗ ಎರಡು ಸಲ ಮುಂದಕ್ಕ ಹಾಕಿದ್ರು’ ಎಂದಿದ್ದೀರಿ. ಮಾತು ಖಾರವಾಗಿದೆ, ಆದರೆ ನ್ಯಾಯವಾಗಿದೆ. ತಡ ಯಾಕಾಯಿತೆಂದು ನಮ್ಮ ಲೇಖನ ಹೇಳಲೇ ಇಲ್ಲ. ‘ಬಾಹ್ಯಾಕಾಶದಲ್ಲಿ ಹಸ್ತಲಾಘವ’ ಎಂಬ ಶೀರ್ಷಿಕೆ ಕೊಟ್ಟು ಮುಗಿಸಿತು.

ನಿಮ್ಮ ಯಾರ್ಡಿನಿಂದಲೇ ಶುರು ಮಾಡೋಣ. ಯಾವುದೇ ವಸ್ತು ಮೂರು ದಿಕ್ಕಿಗೆ ಸರಿಯಬಲ್ಲದು, ಮೂರು ಬಗೆಯಲ್ಲಿ ತಿರುಗಬಲ್ಲದು. ಡಬ್ಬಿಯ ವಿಷಯದಲ್ಲಿ ಈ ಆರರಲ್ಲಿ ಐದನ್ನು ಹಳಿ ಮತ್ತು ಡಬ್ಬಿಯ ತೂಕ ಕಟ್ಟಿಹಾಕಿವೆ. ನಿಮಗೆ ಉಳಿದದ್ದು ಹಿಂದೆ-ಮುಂದೆ ಒಂದೇ. ಅದನ್ನು ಹಿಡಿದು ನಿಲ್ಲಿಸಲು ಬ್ರೇಕ್ ಇತ್ತು, ತುಸು ಜೋರಾಗಿ ತಾಗಿದರೆ ಬಫರ್ ಇತ್ತು, ಕೊನೆಗೆ ನಡುವೆ ಇಳಿದು ಸ್ಕ್ರೂ ಕಪ್ಲಿಂಗ್ ಬಿಗಿಯಲು ಒಬ್ಬ ಮನುಷ್ಯನಿದ್ದ. ಕಕ್ಷೆಯಲ್ಲಿ ಇದ್ಯಾವುದೂ ಇಲ್ಲ. ಅದಕ್ಕಿಂತ ಮುಖ್ಯವಾಗಿ, ಅಲ್ಲಿ ಎಂಜಿನ್ನಿನ ಲೆಕ್ಕವೇ ತಿರುಗುಮುರುಗು.

ಮುಂದೆ ಒಂದು ಉಪಗ್ರಹ ಹೋಗುತ್ತಿದೆ, ನೀವು ಹಿಂದಿದ್ದೀರಿ ಅನ್ನಿ. ಹಿಡಿಯೋಣವೆಂದು ಎಂಜಿನ್ ಉರಿಸಿ ವೇಗ ಹೆಚ್ಚಿಸಿದರೆ ನೀವು ಮೇಲಿನ ಕಕ್ಷೆಗೆ ಏರುತ್ತೀರಿ. ಮೇಲಿನ ಸುತ್ತು ದೊಡ್ಡದು, ಅಲ್ಲಿನ ಓಟ ನಿಧಾನ. ಹಾಗಾಗಿ ಇನ್ನೂ ಹಿಂದೆ ಬೀಳುತ್ತೀರಿ. ಮುಂದಿನದನ್ನು ಹಿಡಿಯಬೇಕಾದರೆ ವೇಗ ಕಡಿಮೆ ಮಾಡಿ ಕೆಳಗಿಳಿಯಬೇಕು. ಕೆಳಗಿನ ಸಣ್ಣ ಸುತ್ತಿನಲ್ಲಿ ಬೇಗ ಓಡಿ, ಸಮಕ್ಕೆ ಬಂದಾಗ ಮತ್ತೆ ಮೇಲೇರಬೇಕು. 1965ರ ಜೂನ್‌ನಲ್ಲಿ ಅಮೆರಿಕದ ಜೆಮಿನಿ 4 ನೌಕೆಯ ಜೇಮ್ಸ್ ಮೆಕ್‌ಡಿವಿಟ್ ತಮ್ಮದೇ ರಾಕೆಟ್ಟಿನ ಖಾಲಿ ಹಂತದ ಹತ್ತಿರ ಹೋಗಲು, ವಿಮಾನ ಓಡಿಸಿದವರು ಮಾಡುವಂತೆ, ಅದರತ್ತ ಮೂತಿ ತಿರುಗಿಸಿ ಥ್ರಸ್ಟರ್ ಎಂಬ ಸಣ್ಣ ಎಂಜಿನ್ ಉರಿಸಿದರು. ಅದು ದೂರವಾಗುತ್ತಲೇ ಹೋಯಿತು. ಇಂಧನ ಸುಮ್ಮನೆ ಸುಟ್ಟದ್ದಷ್ಟೇ, ಪ್ರಯತ್ನ ಕೈಬಿಡಬೇಕಾಯಿತು.

ಈಗ ಇದಕ್ಕೆ ಅಂಕಿ ಹಾಕಿ ನೋಡಿ. ಸ್ಪೇಡೆಕ್ಸ್ ಇದ್ದದ್ದು ಸುಮಾರು 475 ಕಿ.ಮೀ. ಎತ್ತರದಲ್ಲಿ. ವೇಗ ಸೆಕೆಂಡಿಗೆ 7.6 ಕಿ.ಮೀ., ಒಂದು ಸುತ್ತಿಗೆ 94 ನಿಮಿಷ. ಒಂದು ಉಪಗ್ರಹದ ಮುಂದೋಟದ ವೇಗದಲ್ಲಿ ಸೆಕೆಂಡಿಗೆ 1 ಸೆಂಟಿಮೀಟರ್ ಹೆಚ್ಚುಕಡಿಮೆಯಾದರೆ, ಒಂದು ಸುತ್ತು ಮುಗಿಯುವಷ್ಟರಲ್ಲಿ ಅದು ಇರಬೇಕಾದ ಜಾಗದಿಂದ ಸುಮಾರು 170 ಮೀಟರ್ ಆಚೆಗಿರುತ್ತದೆ. ವೇಗದಲ್ಲಾದ ವ್ಯತ್ಯಾಸವನ್ನು ಮೂರರಿಂದ, ಆಮೇಲೆ ಸುತ್ತಿನ ಅವಧಿಯ ಸೆಕೆಂಡುಗಳಿಂದ ಗುಣಿಸಿ. ಲೆಕ್ಕ ಇಷ್ಟೇ, ನೀವೇ ಮಾಡಬಹುದು. ಇರುವೆ ನಡೆಯುವಷ್ಟು ವೇಗದ ತಪ್ಪು, ಒಂದೂವರೆ ಗಂಟೆಯಲ್ಲಿ ಎಂಟು ಡಬ್ಬಿ ಉದ್ದದ ಅಂತರ.

2025ರ ಜನವರಿ 8ರಂದು ಆದದ್ದು ಈ ಜಾತಿಯ ತೊಂದರೆಯೇ. ಅಂದು 500 ಮೀಟರ್ ಅಂತರದಿಂದ 225 ಮೀಟರಿಗೆ ಬರುವ ಕೆಲಸ ನಡೆದಿತ್ತು. ಇಷ್ಟು ಎತ್ತರದ ಉಪಗ್ರಹ ಒಂದು ನೆಲಕೇಂದ್ರಕ್ಕೆ ಒಂದು ಸಲಕ್ಕೆ ಹೆಚ್ಚೆಂದರೆ ಹತ್ತು-ಹನ್ನೊಂದು ನಿಮಿಷ ಕಾಣುತ್ತದೆ. ಆಮೇಲೆ ದಿಗಂತದ ಕೆಳಗೆ ಇಳಿದರೆ ಮುಂದಿನ ಕೇಂದ್ರಕ್ಕೆ ಕಾಣುವವರೆಗೆ ಕತ್ತಲೆ. ಹಾಗೆ ಮರೆಯಾಗಿ ಮತ್ತೆ ಕಂಡಾಗ, ಎರಡೂ ಸರಿದ ಪ್ರಮಾಣ ಲೆಕ್ಕಕ್ಕಿಂತ ಹೆಚ್ಚಾಗಿತ್ತು. ಉಪಗ್ರಹಗಳ ಮೇಲೆ ಕಣ್ಣಿಟ್ಟು ನಡೆಸುವ ಇಸ್ರೊ ಕೇಂದ್ರವಾದ ಬೆಂಗಳೂರಿನ ಇಸ್ಟ್ರಾಕ್‌ನಲ್ಲಿ ಕೂತವರು 9ಕ್ಕೆ ನಿಗದಿಯಾಗಿದ್ದ ಡಾಕಿಂಗ್ ಬಿಟ್ಟು, ಅವು ಸರಿಯುವುದನ್ನು ಹತೋಟಿಗೆ ತಂದರು. ಮೊದಲ ಮುಂದೂಡಿಕೆಯದು ಬೇರೆ ಕಾರಣ: ಜನವರಿ 6ರಂದು, ನಡುವೆ ಕೆಲಸ ನಿಲ್ಲಿಸಿ ಹಿಂದೆ ಸರಿಯಬೇಕಾಗಿ ಬರುವ ಒಂದು ಸಂದರ್ಭ ಕಣ್ಣಿಗೆ ಬಿತ್ತು. ಅದನ್ನು ನೆಲದ ಸಿಮ್ಯುಲೇಶನ್‌ನಲ್ಲಿ ಪರೀಕ್ಷಿಸದೆ ಮುಂದೆ ಹೋಗುವುದು ಬೇಡವೆಂದು 7ನೇ ತಾರೀಕಿನದನ್ನು 9ಕ್ಕೆ ಹಾಕಿದರು. ನಮ್ಮ ದೃಷ್ಟಿಯಲ್ಲಿ ಇಡೀ ಯೋಜನೆಯ ಒಳ್ಳೆಯ ಕೆಲಸಗಳಲ್ಲಿ ಈ ಎರಡು ಮುಂದೂಡಿಕೆಗಳೂ ಸೇರಿವೆ. ಎಲ್ಲರೂ ಕಾದು ನೋಡುತ್ತಿರುವಾಗ ಕೆಲಸ ನಿಲ್ಲಿಸುವುದು ಸುಲಭವಲ್ಲ.

ಇನ್ನು ಹದಿನೇಳು ದಿನದ ಲೆಕ್ಕ. 2024ರ ಡಿಸೆಂಬರ್ 30ರ ರಾತ್ರಿ ಪಿಎಸ್‌ಎಲ್‌ವಿ-ಸಿ60 ರಾಕೆಟ್ ಇವೆರಡನ್ನೂ ಕಕ್ಷೆಗೆ ಬಿಟ್ಟಿತು. ಒಂದೊಂದು ಸುಮಾರು 220 ಕಿಲೋ; ಅವನ್ನು ಕಟ್ಟಿ ಪರೀಕ್ಷೆ ಮಾಡಿದ್ದು ಖಾಸಗಿ ಕಂಪನಿ ಅನಂತ್ ಟೆಕ್ನಾಲಜೀಸ್, ತನ್ನ ಬೆಂಗಳೂರಿನ ಘಟಕದಲ್ಲಿ. ಬಿಡುವಾಗಲೇ ತುಸು ವೇಗದ ವ್ಯತ್ಯಾಸ ಕೊಟ್ಟು 10-20 ಕಿ.ಮೀ. ದೂರ ಸರಿಯಲು ಬಿಟ್ಟರು. ಅಲ್ಲಿಂದ 5 ಕಿ.ಮೀ., 1.5 ಕಿ.ಮೀ., 500 ಮೀ., 225 ಮೀ., 15 ಮೀ., 3 ಮೀ. ಹೀಗೆ ನಿಲ್ದಾಣಗಳು. ಪ್ರತಿ ನಿಲ್ದಾಣದಲ್ಲಿ ನಿಂತು, ಎಲ್ಲ ಸರಿಯಿದೆಯೆಂದು ನೋಡಿ, ಆಮೇಲೆ ಮುಂದಿನದಕ್ಕೆ ಹಸಿರು ನಿಶಾನೆ. ದೂರಕ್ಕೆ ತಕ್ಕಂತೆ ಕಣ್ಣೂ ಬದಲಾಗುತ್ತದೆ. ದೂರದಲ್ಲಿ ಎರಡೂ ತಮ್ಮ ಜಿಪಿಎಸ್ ಮಾದರಿಯ ಸ್ಥಾನಮಾಹಿತಿಯನ್ನು ಪರಸ್ಪರ ರೇಡಿಯೋದಲ್ಲಿ ಹಂಚಿಕೊಂಡು ಅಂತರ ಕಂಡುಕೊಳ್ಳುತ್ತವೆ. 6 ಕಿ.ಮೀ.ನಿಂದ ಲೇಸರ್ ದೂರಮಾಪಕ ಕೆಲಸಕ್ಕೆ ಬರುತ್ತದೆ. 30 ಮೀಟರಿನೊಳಗೆ ಬೇರೆ ಸೆನ್ಸರ್, ಕೊನೆಯ 8 ಸೆಂ.ಮೀ.ನಲ್ಲಿ ಡಾಕಿಂಗ್ ಯಂತ್ರದ ಬಾಯಲ್ಲೇ ಇರುವ ಮತ್ತೊಂದು. ಒಂದು ಕಣ್ಣಿನಿಂದ ಇನ್ನೊಂದಕ್ಕೆ ದಾಟುವಾಗ ಎರಡರ ಲೆಕ್ಕವೂ ತಾಳೆಯಾಗಬೇಕು. ಜನವರಿ 12ರಂದು 3 ಮೀಟರಿನವರೆಗೂ ಹೋಗಿ, ಜೋಡಿಸದೆ, ವಾಪಸ್ ಬಂದದ್ದು ಇದನ್ನೇ ನೋಡಲು.

ಜನವರಿ 16ರಂದು ಕೊನೆಯ ಮೂರು ಮೀಟರಿಗೆ ವಿನ್ಯಾಸಕಾರರು ಇಟ್ಟುಕೊಂಡಿದ್ದ ವೇಗ ಸೆಕೆಂಡಿಗೆ 10 ಮಿಲಿಮೀಟರ್. ಅಂದರೆ ಐದು ನಿಮಿಷದ ದಾರಿ. ಆ ವೇಗದಲ್ಲಿ ಎರಡು ಉಪಗ್ರಹ ತಾಗಿದಾಗಿನ ಪೆಟ್ಟಿನ ಶಕ್ತಿ, ಒಂದು ರೂಪಾಯಿ ನಾಣ್ಯ ಗೇಣಿಗಿಂತ ಕಡಿಮೆ ಎತ್ತರದಿಂದ ಮೇಜಿನ ಮೇಲೆ ಬಿದ್ದಷ್ಟು. ಇಷ್ಟು ನಯ ಬೇಕು, ಏಕೆಂದರೆ ಪುಟಿದರೆ ತಡೆಯಲು ಏನೂ ಇಲ್ಲ. ಸ್ವಲ್ಪ ಓರೆಯಾಗಿ ತಾಗಿದರೂ ಎರಡೂ ತಿರುಗತೊಡಗುತ್ತವೆ. ತಾಗಿದ ಮೇಲೆ ಮೂರು ಹೆಜ್ಜೆ: ಮೊದಲು ಕೊಂಡಿಗಳು ಕಚ್ಚಿಕೊಳ್ಳುತ್ತವೆ, ಆಮೇಲೆ ಮುಂದೆ ಚಾಚಿದ 450 ಮಿ.ಮೀ. ವ್ಯಾಸದ ಉಂಗುರ ಒಳಗೆ ಎಳೆದುಕೊಳ್ಳುತ್ತದೆ, ಕೊನೆಗೆ ಎರಡೂ ಒಂದೇ ವಸ್ತುವಾಗುವಂತೆ ಬಿಗಿಯಾಗುತ್ತದೆ. ಇದರಲ್ಲಿ ಗಂಡು-ಹೆಣ್ಣು ಭೇದವಿಲ್ಲ. ಎರಡೂ ಕಡೆ ಒಂದೇ ಯಂತ್ರ, ಯಾರು ಬೇಕಾದರೂ ಬೆನ್ನಟ್ಟಬಹುದು. ಎರಡೇ ಮೋಟಾರು. ಅಂತರರಾಷ್ಟ್ರೀಯ ಮಾನದಂಡದ ದೊಡ್ಡ ಯಂತ್ರಕ್ಕೆ 24 ಬೇಕಾಗುತ್ತವೆ.

‘ಅಷ್ಟು ಭಯವೇಕೆ, ಮನುಷ್ಯ ಕೂತು ನಡೆಸಿದರೆ ಮುಗೀತು’ ಎಂದಿದ್ದೀರಿ. 1997ರ ಜೂನ್ 25ರಂದು ರಷ್ಯದ ಮೀರ್ ಬಾಹ್ಯಾಕಾಶ ನಿಲ್ದಾಣದಲ್ಲಿ ಹಾಗೇ ಮಾಡಿದರು. ಸ್ವಯಂಚಾಲಿತ ರೇಡಾರ್ ಬಂದ್ ಮಾಡಿ, ಟಿವಿ ಪರದೆ ನೋಡುತ್ತ ಕೈಯಿಂದ ಪ್ರೋಗ್ರೆಸ್ ಎಂಬ ಸರಕುನೌಕೆಯನ್ನು ತರುವ ಪರೀಕ್ಷೆ. ಹಿನ್ನೆಲೆಯಲ್ಲಿ ಭೂಮಿಯ ಮೋಡ. ನೌಕೆ ಎಷ್ಟು ವೇಗದಲ್ಲಿ ಬರುತ್ತಿದೆ ಎಂಬುದು ಗೊತ್ತಾಗಲಿಲ್ಲ. ಏಳು ಟನ್ನಿನ ನೌಕೆ ಸ್ಪೆಕ್ಟರ್ ಘಟಕಕ್ಕೆ ಗುದ್ದಿ ಗಾಳಿ ಸೋರತೊಡಗಿತು. ಬಾಗಿಲು ಮುಚ್ಚಲು ಹೋದರೆ ಅದರ ಮೂಲಕ ಕೇಬಲ್‌ಗಳು ಹಾದುಹೋಗಿದ್ದವು. ಅವನ್ನು ಕಿತ್ತು, ಕತ್ತರಿಸಿ ಮುಚ್ಚಬೇಕಾಯಿತು. ಹಾಗೆಂದು ಯಂತ್ರ ದೇವರಲ್ಲ. 2005ರ ಏಪ್ರಿಲ್‌ನಲ್ಲಿ ನಾಸಾದ ಡಾರ್ಟ್ ಎಂಬ ಸ್ವಯಂಚಾಲಿತ ನೌಕೆ, ತನ್ನ ಜಿಪಿಎಸ್ ಕೊಟ್ಟ ವೇಗದಲ್ಲಿದ್ದ ಸಣ್ಣ ದೋಷದಿಂದ ಮತ್ತೆ ಮತ್ತೆ ಲೆಕ್ಕ ಶುರು ಮಾಡಿ ಇಂಧನ ಕಳೆದುಕೊಂಡು, ಕೊನೆಗೆ ಗುರಿಯ ಉಪಗ್ರಹಕ್ಕೇ ಸೆಕೆಂಡಿಗೆ ಒಂದೂವರೆ ಮೀಟರ್ ವೇಗದಲ್ಲಿ ಹೋಗಿ ಗುದ್ದಿತು.

ಮುಂದಿನ ಪ್ರಶ್ನೆ ಧಾರವಾಡದ್ದು. ‘ನಮ್ಮ ಕೃಷಿ ವಿಶ್ವವಿದ್ಯಾಲಯದ ಹೆಸರುಕಾಳು, ಮೆಂತ್ಯ ಹೊತ್ತ ಅಮೆರಿಕದ ಖಾಸಗಿ ನೌಕೆ ಒಂದೇ ದಿನದಾಗ ಹೋಗಿ ಅಂಟಿಕೊಂಡಿತಲ್ಲ?’ ನಿಜ. ಶುಭಾಂಶು ಶುಕ್ಲಾ ಇದ್ದ ಡ್ರ್ಯಾಗನ್ 2025ರ ಜೂನ್ 25ರ ಮಧ್ಯಾಹ್ನ ಹೊರಟು, ಸುಮಾರು 28 ಗಂಟೆಯಲ್ಲಿ ತಾನಾಗಿಯೇ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಸೇರಿತು. ರಷ್ಯದ ಸೋಯುಜ್ ಮೂರೇ ಗಂಟೆಯಲ್ಲಿ ಸೇರಿದ್ದೂ ಉಂಟು. ಹೊರಡುವ ಹೊತ್ತಿಗೆ ನಿಲ್ದಾಣ ತನ್ನ ಸುತ್ತಿನಲ್ಲಿ ಎಲ್ಲಿದೆ ಎಂಬುದರ ಮೇಲೆ ಅದು ನಿಂತಿದೆ. ಆದರೆ ಡ್ರ್ಯಾಗನ್ ಸೇರುವುದು ಸ್ಥಿರವಾಗಿ ಕಾದಿರುವ, ಹತ್ತಿರ ಬರುವವರಿಗಾಗಿ ಪ್ರತಿಫಲಕಗಳನ್ನು ತೊಟ್ಟ ನಿಲ್ದಾಣಕ್ಕೆ, ಅದೂ ಹನ್ನೆರಡು ವರ್ಷಕ್ಕೂ ಮಿಕ್ಕ ರೂಢಿಯ ಮೇಲೆ. 2012ರ ಮೇ ತಿಂಗಳಲ್ಲಿ ಮೊದಲ ಸಲ ಬಂದಾಗ ಲೇಸರ್ ಬೆಳಕಿನಿಂದ ದೂರ ಅಳೆಯುವ ಅದರ ಲೈಡಾರ್, ಜಪಾನಿನ ಕಿಬೋ ಘಟಕದ ಪ್ರತಿಫಲಕದ ಬೆಳಕಿಗೆ ಗಲಿಬಿಲಿಗೊಂಡಿತ್ತು. ಅದರ ನೋಟವನ್ನು ಕಿರಿದು ಮಾಡಿ ಮುಂದೆ ತಂದರು, ಕೊನೆಗೆ ರೋಬಾಟ್ ತೋಳಿನಿಂದ ಹಿಡಿದರು.

ರೂಢಿ ಇಲ್ಲದವರಿಗೆ ಏನಾಗುತ್ತದೆಂದು ಬೋಯಿಂಗ್‌ನ ಸ್ಟಾರ್‌ಲೈನರ್ ತೋರಿಸಿತು. 2024ರ ಜೂನ್ 6ರಂದು ನಿಲ್ದಾಣದ ಹತ್ತಿರ ಬರುವಾಗ ಅದರ 28 ಸಣ್ಣ ಥ್ರಸ್ಟರ್‌ಗಳಲ್ಲಿ ಐದು ಕೈಕೊಟ್ಟವು, ನಾಲ್ಕನ್ನು ಮತ್ತೆ ಎಬ್ಬಿಸಿದರು. ಆಮೇಲೆ ನೆಲದಲ್ಲಿ ಅಂಥದೇ ಥ್ರಸ್ಟರ್ ಉರಿಸಿ ನೋಡಿದಾಗ, ಕಾವಿಗೆ ಟೆಫ್ಲಾನ್ ಸೀಲ್ ಉಬ್ಬಿ, ಇಂಧನ ಉರಿಯಲು ಬೇಕಾದ ಆಕ್ಸಿಡೈಸರ್ ಹರಿಯುವ ದಾರಿ ಕಟ್ಟಿಕೊಂಡದ್ದು ಕಂಡಿತು. ಒಂದು ಸಣ್ಣ ವಾಷರಿನಂಥ ಭಾಗ. ಇಬ್ಬರು ಗಗನಯಾತ್ರಿಗಳು ಅದರಲ್ಲಿ ವಾಪಸ್ ಬರಲಿಲ್ಲ. ಸೆಪ್ಟೆಂಬರ್‌ನಲ್ಲಿ ನೌಕೆ ಖಾಲಿ ಇಳಿಯಿತು.

ಡಾಕಿಂಗ್ ಮಾಡಿದ ‘ನಾಲ್ಕನೇ ದೇಶ’ ಭಾರತ ಎಂಬ ನಮ್ಮ ಮಾತಿಗೂ ಒಂದು ತಿದ್ದುಪಡಿ. ಎಲ್ಲರೂ ಬರೆದರು, ನಾವೂ ಬರೆದೆವು. ಆದರೆ ಜಪಾನಿನ ಇಟಿಎಸ್-7 ಉಪಗ್ರಹದ ಎರಡು ಭಾಗಗಳು 1998ರ ಜುಲೈ 7ರಂದೇ ಬೇರ್ಪಟ್ಟು ತಾವಾಗಿ ಜೋಡಿಯಾಗಿದ್ದವು. ಅಂದು ಸರಿದದ್ದು ಎರಡೇ ಮೀಟರ್ ಎಂದು ವಾದ ಹೂಡಬಹುದು. ಮುಂದಿನ ತಿಂಗಳು ಹೆಚ್ಚು ದೂರದಿಂದ ಮಾಡಲು ಹೋಗಿ ಅವರೂ ವಾರಗಟ್ಟಲೆ ಒದ್ದಾಡಿ ಕೊನೆಗೆ ಮಾಡಿದರು. ಅಂಕೆ ಬಿಟ್ಟು ಹೇಳುವುದೇ ಲೇಸು.

ಇಷ್ಟೆಲ್ಲ ಯಾಕೆ, ಒಂದೇ ದೊಡ್ಡ ಪೆಟ್ಟಿಗೆ ಕಳಿಸಬಾರದೆ? ನಮ್ಮ ಅತಿ ದೊಡ್ಡ ರಾಕೆಟ್ ಎಲ್‌ವಿಎಂ3 ಭೂಮಿಯ ಹತ್ತಿರದ ಕಕ್ಷೆಗೆ ಒಯ್ಯುವುದು ಸುಮಾರು 8 ಟನ್. 2024ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸಂಪುಟ 2,104 ಕೋಟಿ ರೂಪಾಯಿಗೆ ಒಪ್ಪಿದ ಚಂದ್ರಯಾನ-4ರ ತೂಕ 9 ಟನ್ ದಾಟುತ್ತದೆ. ಐದು ಘಟಕ, ಎರಡು ರಾಕೆಟ್. ದೊಡ್ಡ ರಾಕೆಟ್ ಇದ್ದರೂ ಒಂದು ಜೋಡಣೆ ತಪ್ಪದು: ಚಂದ್ರನ ಮಣ್ಣು ಹೊತ್ತು ಮೇಲೇರುವ ಪುಟ್ಟ ನೌಕೆ, ಅಲ್ಲಿನ ಕಕ್ಷೆಯಲ್ಲಿ ಕಾದಿರುವ ಇನ್ನೊಂದನ್ನು ಸೇರಲೇಬೇಕು. ಅಲ್ಲಿ ಇಲ್ಲಿನಂತೆ ಜಿಪಿಎಸ್ ನೆಚ್ಚಿಕೊಳ್ಳುವಂತಿಲ್ಲ. ಬೆಂಗಳೂರಿನಿಂದ ಕಮಾಂಡ್ ಹೋಗಿ ಉತ್ತರ ಬರಲು ಎರಡೂವರೆ ಸೆಕೆಂಡಿಗೂ ಹೆಚ್ಚು. ಆದ್ದರಿಂದಲೇ 2025ರ ಏಪ್ರಿಲ್ 20ರಂದು ನಡೆದ ಸ್ಪೇಡೆಕ್ಸ್‌ನ ಎರಡನೇ ಜೋಡಣೆ ನಮಗೆ ಮೊದಲಿನದಕ್ಕಿಂತ ಮುಖ್ಯವಾಗಿ ಕಾಣುತ್ತದೆ. ಅದಕ್ಕೆ ಮುಂಚೆ ನೆಲದಲ್ಲಿ 120 ಸಿಮ್ಯುಲೇಶನ್ ನಡೆದವು. 15 ಮೀಟರಿನಿಂದ ಮುಂದೆ, 3 ಮೀಟರಿನಲ್ಲಿ ಯಾರ ಅನುಮತಿಗೂ ಕಾಯದೆ, ಉಪಗ್ರಹಗಳೇ ಕೆಲಸ ಮುಗಿಸಿದವು. ಆಮೇಲೆ ಒಂದರ ವಿದ್ಯುತ್ತಿನಿಂದ ಇನ್ನೊಂದರ ಹೀಟರ್ ನಾಲ್ಕು ನಿಮಿಷ ಬಿಸಿಯಾಯಿತು. ಪತ್ರಿಕೆಗಳಲ್ಲಿ ಇದು ಒಳಪುಟದ ಸುದ್ದಿಯಾಯಿತು.

ಕೊನೆಯದಾಗಿ, ‘ಹೀಗೆ ಬೇರೆಯವರ ಉಪಗ್ರಹಕ್ಕೂ ಹೋಗಿ ಅಂಟಬಹುದೇನು?’ ಎಂದು ಕೇಳಿದ್ದೀರಿ. ತಾಂತ್ರಿಕವಾಗಿ ಹೌದು, ಡಾಕಿಂಗ್ ಬಾಗಿಲೇ ಇಲ್ಲದಿದ್ದರೂ. 2020ರ ಫೆಬ್ರುವರಿಯಲ್ಲಿ ನಾರ್ತ್‌ರಪ್ ಗ್ರಮ್ಮನ್‌ನ ಎಂಇವಿ-1, ಇಂಧನ ತೀರುತ್ತ ಬಂದಿದ್ದ ಇಂಟೆಲ್‌ಸ್ಯಾಟ್ 901ರ ಹಿಂಬದಿಯ ಎಂಜಿನ್ ಕೊಳವೆಯೊಳಗೆ ಸರಳು ತೂರಿಸಿ ಅದನ್ನು ಹಿಡಿದುಕೊಂಡಿತು. ಅಲ್ಲಿಂದ ಮುಂದೆ ಆ ಉಪಗ್ರಹದ ಎಂಜಿನ್ ಕೆಲಸವನ್ನು ತಾನೇ ಮಾಡಿತು. ಅದು ಮಾಲೀಕರ ಒಪ್ಪಿಗೆಯಿಂದ, ದುಡ್ಡು ಪಡೆದು. ಕೇಳದೆ ಹೋಗುವಂತಿಲ್ಲ. 1967ರ ಬಾಹ್ಯಾಕಾಶ ಒಪ್ಪಂದದ ಪ್ರಕಾರ ಕೆಟ್ಟು ನಿಂತ ಉಪಗ್ರಹವೂ, ಖಾಲಿ ರಾಕೆಟ್ ಹಂತವೂ ಅದನ್ನು ನೋಂದಾಯಿಸಿದ ದೇಶದ ಅಧಿಕಾರದಲ್ಲೇ ಇರುತ್ತದೆ, ಒಡೆತನವೂ ಹೋಗುವುದಿಲ್ಲ. ಕಡಲಿನಲ್ಲಿ ತೊರೆದ ಹಡಗನ್ನು ಎಳೆದು ತಂದವರಿಗೆ ಸಲ್ಲುವ ಹಕ್ಕಿನಂಥದು ಅಲ್ಲಿಲ್ಲ. ಗುದ್ದಿದರೆ 1972ರ ಹೊಣೆಗಾರಿಕೆ ಒಪ್ಪಂದ ತಪ್ಪು ಯಾರದೆಂದು ಕೇಳುತ್ತದೆ, ಪರಿಹಾರ ಕೊಡಬೇಕಾದ್ದು ಕಂಪನಿಯಲ್ಲ, ಅದನ್ನು ಹಾರಿಸಿದ ದೇಶ. ನಮ್ಮಲ್ಲಿ ಖಾಸಗಿಯವರು ಇಂಥ ಕೆಲಸಕ್ಕೆ ಇಳಿಯುವ ಮೊದಲು ಖಾಸಗಿ ಬಾಹ್ಯಾಕಾಶ ಕೆಲಸಗಳ ಮೇಲೆ ನಿಗಾ ಇಡುವ ಸರ್ಕಾರಿ ಸಂಸ್ಥೆ ಇನ್‌ಸ್ಪೇಸ್‌ನ ಅನುಮತಿ ಪಡೆಯಬೇಕಾದ್ದು ಇದೇ ಕಾರಣಕ್ಕೆ.

ನಮ್ಮದೊಂದು ಕೋರಿಕೆ. ಕೊನೆಯ ನಾಲ್ಕೈದು ಗಜದಲ್ಲಿ ಡ್ರೈವರಿಗೆ ಬಾವುಟದಿಂದ, ರಾತ್ರಿಯಾದರೆ ಕೈದೀಪದಿಂದ ಏನೇನು ಸನ್ನೆ ಮಾಡುತ್ತಿದ್ದಿರಿ, ‘ನಿಲ್ಲು’ ಎಂದು ಎಷ್ಟು ಮೊದಲು ಹೇಳಬೇಕಿತ್ತು, ಬರೆದು ಕಳಿಸುವಿರಾ? ಮುಂದಿನ ಸಂಚಿಕೆಯಲ್ಲಿ ಎರಡು ಪುಟ ನಿಮಗಾಗಿ ತೆಗೆದಿಟ್ಟಿದ್ದೇವೆ.

ಸಂ.