ಏಜೆನ್ಸಿನಾ, ಪರ್ ಡೀಮಾ? ಮೊದಲು ಆ ಸೊಂಟದ ಮಾತಾಡೋಣ

ಈ ವಾರದ ಒಂದು ಪತ್ರ ಓದಿ ನನಗೆ ರಾತ್ರಿ ನಿದ್ದೆ ಬರಲಿಲ್ಲ. ಬರೆದವರು ಹಾಸನದ ಕಡೆಯವರು. ಮಂಗಳೂರಿನಲ್ಲಿ ಬಿಎಸ್ಸಿ ನರ್ಸಿಂಗ್ ಓದಿ, ಅಮೆರಿಕದಲ್ಲಿ ನರ್ಸ್ ಆಗಲು ಬೇಕಾದ ಎನ್‌ಕ್ಲೆಕ್ಸ್ ಪರೀಕ್ಷೆ ಪಾಸಾಗಿ, ಆರು ವರ್ಷದಿಂದ ಕ್ಯಾಲಿಫೋರ್ನಿಯಾದ ಒಂದು ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಮಾಡುತ್ತಿದ್ದಾರೆ. ಮಗಳಿಗೆ ಏಳು ವರ್ಷ. ಅವಳು ಸ್ಕೂಲಿಗೆ ಹೊರಡುವ ಹೊತ್ತಿಗೆ ಅಮ್ಮ ಮನೆಗೆ ಬರುತ್ತಾರೆ. ಕಾಯಂ ಕೆಲಸ ಬಿಡುವುದು ಅಂತ ತೀರ್ಮಾನ ಆಗಿದೆ. ನರ್ಸ್‌ಗಳನ್ನು ಕಾಂಟ್ರಾಕ್ಟ್ ಮೇಲೆ ಬೇರೆ ಬೇರೆ ಆಸ್ಪತ್ರೆಗೆ ಕಳಿಸುವ ಏಜೆನ್ಸಿ ಸೇರಲಾ, ಈಗಿರುವ ಆಸ್ಪತ್ರೆಯಲ್ಲೇ ಪರ್ ಡೀಮ್, ಅಂದರೆ ಒಪ್ಪಿಕೊಂಡ ದಿನ ಮಾತ್ರ ಬಂದು ಕೆಲಸ ಮಾಡುವ ನರ್ಸ್, ಆಗಲಾ ಎನ್ನುವುದು ಪ್ರಶ್ನೆ. ಗಂಡ ಎಕ್ಸೆಲ್ ಶೀಟ್ ಹಾಕಿ ಏಜೆನ್ಸಿಯೇ ಲಾಭ ಅಂದಿದ್ದಾರೆ. ಏಜೆನ್ಸಿಯಲ್ಲೇ ಇರುವ ಗೆಳತಿಯದೂ ಅದೇ ಮಾತು.

ಮೂರು ಪುಟದ ಪತ್ರ. ಕೊನೆಯಲ್ಲಿ, ಬ್ರಾಕೆಟ್ಟಿನೊಳಗೆ ಹೀಗಿದೆ: "ಮೂರು ವಾರದ ಹಿಂದೆ ಪೇಷೆಂಟ್ ಜಾರಿದಾಗ ಹಿಡಿದುಕೊಂಡೆ. ಸೊಂಟ ಸ್ವಲ್ಪ ಹಿಡಿದಿದೆ, ಬಲಗಾಲು ಜೋಮು ಬರುತ್ತದೆ. ದೊಡ್ಡದೇನಲ್ಲ. ರಿಪೋರ್ಟ್ ಮಾಡಿದರೆ ಹೆಸರು ಕೆಡುತ್ತದೆ ಅಂತ ಗೆಳತಿ ಅಂದಳು, ಅದಕ್ಕೆ ಯಾರಿಗೂ ಹೇಳಿಲ್ಲ."

ತಂಗಿ, ನಿಮ್ಮ ಇಡೀ ಪತ್ರ ಇರುವುದು ಆ ಬ್ರಾಕೆಟ್ಟಿನೊಳಗೆ. ಕಾಲು ಜೋಮು ಬರುತ್ತದೆ ಅಂದರೆ ನರ ಒತ್ತಿರಬಹುದು ಅಂತ ನಿಮಗೆ ನಾನು ಹೇಳಬೇಕಾ? ನಿಮ್ಮ ಪೇಷೆಂಟ್ ಒಬ್ಬರು ಇದೇ ಮಾತು ಹೇಳಿದ್ದರೆ ತಕ್ಷಣ ಚಾರ್ಟಿನಲ್ಲಿ ಬರೆದು ಡಾಕ್ಟರಿಗೆ ಫೋನ್ ಮಾಡುತ್ತಿದ್ದಿರಿ. ನಿಮ್ಮ ಮೈಗೆ ಮಾತ್ರ ಚಾರ್ಟೇ ಇಲ್ಲ.

ನಾನೂ ನರ್ಸ್ ಆಗಿದ್ದವಳು. ಬೆಂಗಳೂರಿನ ಒಂದು ನರ್ಸಿಂಗ್ ಹೋಮಿನಲ್ಲಿ, ಆಯಾ ಬರುವವರೆಗೆ ಕಾಯದೆ, ಸ್ಟ್ರೆಚರಿನಿಂದ ಮಂಚಕ್ಕೆ ಒಬ್ಬರನ್ನು ಒಬ್ಬಳೇ ಎಳೆದುಕೊಂಡೆ. ಬೆನ್ನಲ್ಲಿ ಚಳಕ್ ಅಂತು. ಸರಿ ಹೋಗುತ್ತೆ ಅಂತ ಸುಮ್ನೆ ಡ್ಯೂಟಿ ಮುಗಿಸಿ ಮನೆಗೆ ಹೋದೆ. ಆಮೇಲೆ ನಾಲ್ಕು ತಿಂಗಳು ಸಂಬಳವಿಲ್ಲದೆ ಮಲಗಿದೆ. ಖರ್ಚಿಗೆ ಏನಾದರೂ ಕೊಡಿ ಅಂತ ಕೇಳಲು ಹೋದರೆ, "ಇಲ್ಲೇ ಆಯಿತು ಅನ್ನೋದಕ್ಕೆ ಏನಿದೆ?" ಅಂದರು. ನನ್ನ ಹತ್ತಿರ ಒಂದು ಚೀಟಿಯೂ ಇರಲಿಲ್ಲ. ಆ ಪ್ರಶ್ನೆ ಈಗಲೂ ನನ್ನ ಕಿವಿಯಲ್ಲಿದೆ.

ನಿಮಗೆ ಆ ಗತಿ ಬರಬೇಕಾಗಿಲ್ಲ, ನಿಮ್ಮ ರಾಜ್ಯದ ಕಾನೂನು ನಿಮ್ಮ ಕಡೆ ಇದೆ. ಕ್ಯಾಲಿಫೋರ್ನಿಯಾದಲ್ಲಿ ಕೆಲಸದಲ್ಲಿ ಪೆಟ್ಟಾದರೆ 30 ದಿನದೊಳಗೆ ಮಾಲೀಕರಿಗೆ ತಿಳಿಸಬೇಕು. ತಿಳಿಸಿದ ಮೇಲೆ ಒಂದು ಕೆಲಸದ ದಿನದೊಳಗೆ ಅವರು ನಿಮಗೆ ಡಿಡಬ್ಲ್ಯುಸಿ-1 ಅನ್ನುವ ಕ್ಲೇಮು ಫಾರಂ ಕೊಡಬೇಕು. ಅದನ್ನು ತುಂಬಿ ಕೊಟ್ಟರೆ, ಕ್ಲೇಮು ಒಪ್ಪುತ್ತಾರೋ ಇಲ್ಲವೋ ತೀರ್ಮಾನ ಆಗುವ ಮೊದಲೇ, 10,000 ಡಾಲರ್‌ವರೆಗಿನ ಚಿಕಿತ್ಸೆಗೆ ದಾರಿ ಇದೆ. ರಿಪೋರ್ಟ್ ಮಾಡಿದಿರಿ ಅಂತ ನಿಮ್ಮ ಮೇಲೆ ಸೇಡು ತೀರಿಸಿಕೊಳ್ಳುವುದು ಕಾನೂನಿಗೆ ವಿರುದ್ಧ. ಮೂರು ವಾರ ಆಗಲೇ ಹೋಗಿದೆ, ಲೆಕ್ಕ ಹಾಕಿ. ಅದಕ್ಕೇ ಈ ಅಂಕಣಕ್ಕೆ ಕಾಯದೆ, ಪತ್ರ ಓದಿದ ರಾತ್ರಿಯೇ ನಿಮಗೆ ಎರಡು ಸಾಲು ಕಳಿಸಿದ್ದು.

ಗೆಳತಿಯ ಬಗ್ಗೆ ಒಂದು ಮಾತು. ನನಗೆ ನಿಮ್ಮ ಗಂಡನ ಮೇಲೆ ಕೋಪ ಇಲ್ಲ. ಅವರಿಗೆ ಜೋಮಿನ ವಿಷಯವೇ ಗೊತ್ತಿಲ್ಲ, ಗೊತ್ತಿದ್ದ ಅಂಕಿಗಳನ್ನು ಕೂಡಿಸಿದ್ದಾರೆ, ಅಷ್ಟೆ. ಆದರೆ ಆ ಗೆಳತಿ ನರ್ಸ್. ಎಲ್ಲ ಗೊತ್ತಿದ್ದೂ ಬಾಯಿ ಮುಚ್ಚಿಕೊಂಡಿರು ಅಂದಿದ್ದಾರೆ. ನಮ್ಮಲ್ಲಿ ಈ ಚಾಳಿ ಬಹಳ ಹಳೆಯದು. ಹಿರಿಯ ಸಿಸ್ಟರ್‌ಗಳು ತಾವು ಸಹಿಸಿದ್ದನ್ನೇ ಕಿರಿಯರಿಗೆ ಬುದ್ಧಿಮಾತಿನ ಹಾಗೆ ದಾಟಿಸುತ್ತಾರೆ. ಆಕೆಯ ಮಾತು ಕೇಳಬೇಡಿ. ಏಜೆನ್ಸಿಯ ವಿಷಯದಲ್ಲೂ ಕೇಳಬೇಡಿ.

ಈಗ ಆ ಶೀಟಿಗೆ ಬರುತ್ತೇನೆ. ಗಂಟೆಯ ರೇಟು ಬೇರೆ, ವರ್ಷದ ಆದಾಯ ಬೇರೆ ಅಂತ ಇಲ್ಲಿ ಎಷ್ಟು ಸಲ ಬರೆದಿದ್ದೇನೋ. ಏಜೆನ್ಸಿ ಕಾಂಟ್ರಾಕ್ಟ್ ಸಾಮಾನ್ಯವಾಗಿ 13 ವಾರದ್ದು. ಒಂದು ಮುಗಿದು ಇನ್ನೊಂದು ಸಿಗುವವರೆಗಿನ ಖಾಲಿ ವಾರಗಳು ಶೀಟಿನಲ್ಲಿ ಇವೆಯಾ? ಮನೆ ಬಾಡಿಗೆಗೆ ಅಂತ ಕೊಡುವ ಭತ್ಯೆಯನ್ನು ನಿಮ್ಮವರು ತೆರಿಗೆ ಇಲ್ಲದ ಹಣ ಅಂತ ಬರೆದಿದ್ದಾರೆ. ಸ್ವಂತ ಮನೆ ಬಿಟ್ಟು ದೂರದ ಊರಲ್ಲಿ ಉಳಿದು, ಎರಡೂ ಕಡೆ ಖರ್ಚು ಮಾಡುವವರಿಗೆ ಅದು ಸರಿ. ನೀವು ನಿಮ್ಮ ಮನೆಯಲ್ಲೇ ಮಲಗಿ, ಪಕ್ಕದ ಊರಿನ ಆಸ್ಪತ್ರೆಗೆ ಕಾರಲ್ಲಿ ಹೋಗಿ ಬರುವವರು. ಆ ಹಣಕ್ಕೆ ತೆರಿಗೆ ಬೀಳುತ್ತದೆ.

ದುಡ್ಡಿಗಿಂತ ನನಗೆ ಭಯ ಇರುವುದು ಹೊಸ ವಾರ್ಡಿನ ಮೊದಲ ರಾತ್ರಿಯ ಬಗ್ಗೆ. ಪೇಷೆಂಟ್ ಎತ್ತುವ ಯಂತ್ರ ಯಾವ ಮೂಲೆಯಲ್ಲಿದೆ ಅಂತ ಗೊತ್ತಿರಲ್ಲ, ಯಾರನ್ನು ಕೂಗಬೇಕು ಅಂತ ಗೊತ್ತಿರಲ್ಲ. ಅಪಾಯ ಅನ್ನಿಸಿದರೆ ಎತ್ತಲ್ಲ ಅನ್ನುವ ಹಕ್ಕು ನಿಮ್ಮ ರಾಜ್ಯದ ಆಸ್ಪತ್ರೆ ನರ್ಸ್‌ಗಳಿಗೆ 2012ರಿಂದ ಇದೆ. ಆದರೆ ಹೊಸಬರಾಗಿ ಹೋದ ಕಡೆ ಅದನ್ನು ಬಾಯಿಬಿಟ್ಟು ಹೇಳುವುದು ಎಷ್ಟು ಕಷ್ಟ ಅಂತ ನಮಗಿಬ್ಬರಿಗೂ ಗೊತ್ತು. ಅಲ್ಲಿ ನೋವು ಜಾಸ್ತಿಯಾದರೆ ಹಳೆಯ ಆಸ್ಪತ್ರೆಯವರು ಹೊಣೆಯನ್ನು ಏಜೆನ್ಸಿಯವರ ಮೇಲೆ ಹಾಕುತ್ತಾರೆ, ಏಜೆನ್ಸಿಯವರು ಹಳೆಯ ಆಸ್ಪತ್ರೆಯವರ ಮೇಲೆ.

ಹಾಗಾಗಿ ಮುಂದೆ ಎರಡರಲ್ಲಿ ಒಂದು ಆರಿಸಲೇಬೇಕು ಅಂದರೆ ಪರ್ ಡೀಮ್. ಮಗಳ ಜೊತೆ ಇರಬೇಕು ಅಂತ ತಾನೇ ಇಷ್ಟೆಲ್ಲ? ಬೇಕಾದ ದಿನ ಮಾತ್ರ ಒಪ್ಪಿಕೊಳ್ಳಬಹುದು, ಗೊತ್ತಿರುವ ವಾರ್ಡು, ಗೊತ್ತಿರುವ ಜನ. ಪೇಷೆಂಟ್ ಕಡಿಮೆಯಾದ ದಿನ ಬರಬೇಡಿ ಅನ್ನುತ್ತಾರೆ, ಅದಕ್ಕೆ ತಯಾರಿರಿ. ಇನ್ನೊಂದು ಲೆಕ್ಕ ನೋಡಿ. ಕಾಯಿಲೆಗೆ 12 ವಾರ ರಜೆ ಹಾಕಿದರೂ ಕೆಲಸ ಉಳಿಸಿಕೊಡುವ ಎಫ್‌ಎಂಎಲ್‌ಎ ಕಾನೂನಿಗೆ ಹಿಂದಿನ 12 ತಿಂಗಳಲ್ಲಿ 1,250 ಗಂಟೆ ಕೆಲಸ ಮಾಡಿರಬೇಕು. ಪರ್ ಡೀಮ್ ಆಗಿ ವಾರಕ್ಕೆ 12 ಗಂಟೆಯ ಎರಡು ಪಾಳಿ, 52 ವಾರವೂ ತಪ್ಪದೆ ಮಾಡಿದರೆ 1,248. ಎರಡೇ ಗಂಟೆ ಕಡಿಮೆ! ಕಾಯಂ ಕೆಲಸದಲ್ಲಿರುವ ಇವತ್ತು ನಿಮಗೆ ಆ ರಕ್ಷಣೆ ಇದೆ. ಬೆನ್ನು ವಾಸಿಯಾಗುವ ಮೊದಲು ಅದನ್ನು ಕೈಯಾರೆ ಬಿಡಬೇಡಿ.

ರಾಜೀನಾಮೆ, ಏಜೆನ್ಸಿಯ ಇಂಟರ್‌ವ್ಯೂ ಎಲ್ಲ ಪಕ್ಕಕ್ಕಿಡಿ. ನನ್ನ ಎರಡು ಸಾಲು ನೋಡಿ ಆಗಲೇ ರಿಪೋರ್ಟ್ ಮಾಡಿದ್ದರೆ ಸರಿ. ಇಲ್ಲವಾದರೆ ಇವತ್ತಿನ ಪಾಳಿ ಶುರುವಾಗುವ ಮುಂಚೆ ಸೂಪರ್‌ವೈಸರಿಗೆ ಬರವಣಿಗೆಯಲ್ಲಿ ಕೊಡಿ, ಫಾರಂ ಕೇಳಿ ತೆಗೆದುಕೊಳ್ಳಿ. ಯಾವ ತಾರೀಖು, ಎಷ್ಟು ಗಂಟೆ, ಯಾವ ರೂಮು, ಪಕ್ಕದಲ್ಲಿ ಯಾರಿದ್ದರು ಎಲ್ಲ ಬರೆಯಿರಿ. ಕಾಲಿನ ಜೋಮನ್ನು ಬಿಡದೆ ಬರೆಯಿರಿ. ಒಂದು ಪ್ರತಿ ಮನೆಯಲ್ಲಿಡಿ. ಆಮೇಲೆ ಅದನ್ನು ನಿಮ್ಮ ಗಂಡನಿಗೆ ತೋರಿಸಿ.