ಯಾರಿಗೂ ಹೇಳಬೇಡ ಅಂತ ಆಣೆ ಹಾಕಿಸಿಕೊಂಡಿದ್ದಾಳೆ, ಏನು ಮಾಡಲಿ?

ಪ್ರಶ್ನೆ: ನಾನು ಸೆಕೆಂಡ್ ಪಿಯು ಸೈನ್ಸ್ ಓದುತ್ತಿದ್ದೇನೆ, ಹಾಸ್ಟೆಲ್‌ನಲ್ಲಿದ್ದೇನೆ. ಪ್ರಿಪರೇಟರಿಯಲ್ಲಿ ನನ್ನ ರೂಮ್‌ಮೇಟ್‌ಗೆ ಫಿಸಿಕ್ಸ್, ಮ್ಯಾಥ್ಸ್ ಎರಡೂ ಹೋಯಿತು. ಅವತ್ತಿನಿಂದ ಸರಿಯಾಗಿ ಊಟ ಮಾಡುತ್ತಿಲ್ಲ. ಮೊನ್ನೆ ತನ್ನ ವಾಚು, ನೋಟ್ಸ್ ಎಲ್ಲ ನನಗೆ ಕೊಟ್ಟು, ‘ನಾನಿಲ್ಲದಿದ್ದರೆ ಅಪ್ಪನಿಗೆ ಖರ್ಚಾದರೂ ಉಳಿಯುತ್ತೆ’ ಅಂದಳು. ಯಾರಿಗೂ ಹೇಳಬೇಡ ಅಂತ ನನ್ನ ಅಮ್ಮನ ಮೇಲೆ ಆಣೆ ಹಾಕಿಸಿಕೊಂಡಿದ್ದಾಳೆ. ವಾರ್ಡನ್‌ಗೆ ಹೇಳಿದರೆ ಅವಳನ್ನು ಮನೆಗೆ ಕಳಿಸಿಬಿಡುತ್ತಾರೆ. ಅವಳು ಜನ್ಮದಲ್ಲಿ ನನ್ನ ಜೊತೆ ಮಾತಾಡಲ್ಲ. ಏನು ಮಾಡಲಿ ಮೇಡಂ?
– ಹೆಸರು ಬೇಡ

ಉತ್ತರ: ಹೇಳು ಮಗು. ಇವತ್ತೇ ಹೇಳು.

ಆಣೆ ಮುರಿದರೆ ಅಮ್ಮನಿಗೆ ಏನಾದರೂ ಆದೀತು ಅನ್ನುವ ಭಯ ನಿನಗಿದೆ, ಅಲ್ವಾ? ಒಂದು ಜೀವದ ಪ್ರಶ್ನೆ ಬಂದಾಗ ಆಣೆಗೆ ಬೆಲೆಯಿಲ್ಲ. ನಿನ್ನ ಅಮ್ಮನನ್ನೇ ಕೇಳು, ಅವರೂ ಇದನ್ನೇ ಹೇಳುತ್ತಾರೆ. (ನಿನ್ನ ಪತ್ರ ಬಂದ ದಿನವೇ ನಿನಗೆ ಉತ್ತರ ಕಳಿಸಿದ್ದೇನೆ. ಇಲ್ಲಿ ಹಾಕುತ್ತಿರುವುದು ಇಂಥದ್ದೇ ಆಣೆ ಹೊತ್ತುಕೊಂಡು ಕೂತಿರುವ ಬೇರೆ ಮಕ್ಕಳಿಗಾಗಿ.)

ಊಟ ಬಿಟ್ಟಿದ್ದಾಳೆ, ಇಷ್ಟದ ವಸ್ತುಗಳನ್ನು ಹಂಚುತ್ತಿದ್ದಾಳೆ, ‘ನಾನಿಲ್ಲದಿದ್ದರೆ’ ಅನ್ನುತ್ತಿದ್ದಾಳೆ. ಇದು ಸುಮ್ನೆ ಬೇಜಾರಿಗೆ ಆಡಿದ ಮಾತಲ್ಲ. ಹೇಳುವವರು ಮಾಡಲ್ಲ ಅಂತ ಯಾರಾದರೂ ಅಂದರೆ ನಂಬಬೇಡ.

ಅವಳ ಜೊತೆ ಕೂತು ನೇರವಾಗಿ ಕೇಳು: ‘ಸಾಯಬೇಕು ಅನ್ನಿಸ್ತಿದೆಯಾ?’ ಕೇಳಿದರೆ ಇಲ್ಲದ ಯೋಚನೆ ತಲೆಗೆ ಬರುತ್ತೆ ಅಂತ ಹೆದರುವವರು ಜಾಸ್ತಿ. ಹಾಗಾಗುವುದಿಲ್ಲ. ಒಬ್ಬರಾದರೂ ಕೇಳಿದರಲ್ಲ ಅಂತ ಎಷ್ಟೋ ಸಲ ಅವರಿಗೆ ಎದೆ ಹಗುರಾಗುತ್ತದೆ. ಅವಳು ಅತ್ತರೆ ಅಳಲಿ. ‘ಇಷ್ಟಕ್ಕೆಲ್ಲ ಯಾರಾದರೂ…’ ಅಂತ ಶುರು ಮಾಡಬೇಡ. ಅಪ್ಪ ಅಮ್ಮನ ನೆನಪು ಮಾಡಿಕೊಡಲೂ ಹೋಗಬೇಡ. ತಾನೇ ಅವರಿಗೆ ಭಾರ ಅಂದುಕೊಂಡಿರುವ ಹುಡುಗಿ ಅವಳು.

ಆಮೇಲೆ, ಅವಳು ಒಪ್ಪಿದರೂ ಒಪ್ಪದಿದ್ದರೂ, ದೊಡ್ಡವರಿಗೆ ಹೇಳು. ವಾರ್ಡನ್ ಅಂದರೆ ಭಯವಾದರೆ ಸ್ವಲ್ಪ ಮೆತ್ತಗಿರುವ ಲೆಕ್ಚರರ್ ಯಾರಾದರೂ ಇದ್ದೇ ಇರುತ್ತಾರೆ, ಅವರ ಹತ್ತಿರ ಹೋಗು. ‘ಅವಳಿಗೆ ಹುಷಾರಿಲ್ಲ, ಡಲ್ಲಾಗಿದ್ದಾಳೆ’ ಅಂದರೆ ಯಾರೂ ಏಳುವುದಿಲ್ಲ. ‘ಸಾಯುವ ಮಾತಾಡುತ್ತಿದ್ದಾಳೆ, ಇವತ್ತು ರಾತ್ರಿ ಒಬ್ಬಳೇ ಇರಬಾರದು’ ಅಂತಲೇ ಹೇಳು. ಅವಳು ಏನಾದರೂ ಎತ್ತಿಟ್ಟುಕೊಂಡಿರುವ ಅನುಮಾನವಿದ್ದರೆ ಅದನ್ನೂ ಹೇಳು, ಅವರು ನೋಡಿಕೊಳ್ಳಲಿ. ಮನೆಗೆ ಕಳಿಸುವುದೇ ಆದರೆ ಒಬ್ಬಳನ್ನೇ ಬಸ್ಸು ಹತ್ತಿಸುವ ಹಾಗಿಲ್ಲ. ಮನೆಯವರು ಬಂದು ಕರೆದುಕೊಂಡು ಹೋಗಬೇಕು. ಈ ಮಾತನ್ನು ಲೆಕ್ಚರರ್ ಕೈಲಿ ವಾರ್ಡನ್‌ಗೆ ಹೇಳಿಸು.

14416 ಟೆಲಿ ಮಾನಸ್ ಅನ್ನುವ ಮಾನಸಿಕ ಆರೋಗ್ಯ ಸಹಾಯವಾಣಿಯ ನಂಬರ್. 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ್ದು, ನಮ್ಮ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ದಿನದ 24 ಗಂಟೆಯೂ ಉಚಿತ. ಕನ್ನಡದಲ್ಲೇ ಮಾತಾಡುತ್ತಾರೆ. ಅವಳೇ ಮಾಡಬೇಕೆಂದಿಲ್ಲ, ಗೆಳತಿಯ ವಿಷಯ ಅಂತ ನೀನೂ ಮಾಡಬಹುದು. ಈಗಲೇ ಅಪಾಯ ಅನ್ನಿಸಿದರೆ ಮಾತ್ರ ಕಾಯಬೇಡ. ಕೂಗಿ ದೊಡ್ಡವರನ್ನು ಕರೆ, 112ಕ್ಕೆ ಫೋನ್ ಮಾಡಿಸು. ಆಸ್ಪತ್ರೆಗೆ ಹೋದರೆ ಪೊಲೀಸ್ ಕೇಸ್ ಆಗುತ್ತೆ ಅಂತ ಮನೆಯವರು ಹಿಂಜರಿಯುವುದುಂಟು. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ಸಾಯಲು ಪ್ರಯತ್ನಿಸಿದವರನ್ನೂ ತೀವ್ರ ಒತ್ತಡದಲ್ಲಿರುವವರು ಅಂತಲೇ ನೋಡಬೇಕು. ಕೊಡಬೇಕಾದದ್ದು ಚಿಕಿತ್ಸೆ, ಶಿಕ್ಷೆಯಲ್ಲ.

ಇನ್ನು ಅಂಕದ ಮಾತು. ಪ್ರಿಪರೇಟರಿ ಅಂಕ ಮಾರ್ಕ್ಸ್ ಕಾರ್ಡಿಗೆ ಬರುವುದೇ ಇಲ್ಲ. ಪರೀಕ್ಷೆ-1 ಕೈಕೊಟ್ಟರೂ ಅದೇ ವರ್ಷ ಪರೀಕ್ಷೆ-2 ಇದೆ, ಜಾಸ್ತಿ ಬಂದ ಅಂಕ ಉಳಿಸಿಕೊಳ್ಳಬಹುದು. 2024ರಿಂದ ಹೀಗಿದೆ. ಆದರೆ ಇದನ್ನೆಲ್ಲ ಇವತ್ತು ರಾತ್ರಿ ಅವಳಿಗೆ ಹೇಳಬೇಡ, ಈಗ ಕಿವಿಗೆ ಹೋಗುವುದಿಲ್ಲ. ನಾಲ್ಕು ದಿನ ಹೋಗಲಿ, ಹೊಟ್ಟೆಗೆ ಅನ್ನ, ಕಣ್ಣಿಗೆ ನಿದ್ದೆ ಸಿಗಲಿ.

ಅವಳು ಮಾತು ಬಿಡಬಹುದು. ‘ಮೋಸ ಮಾಡಿದೆ’ ಅನ್ನಲೂಬಹುದು. ವಾದ ಮಾಡಬೇಡ. ‘ನಿನ್ನ ಬಗ್ಗೆ ಹೆದರಿಕೆಯಾಯಿತು, ಅದಕ್ಕೆ ಹೇಳಿದೆ’ ಅಂದು ಅಲ್ಲಿಗೇ ನಿಲ್ಲಿಸು.

ದೊಡ್ಡವರಿಗೆ ಒಪ್ಪಿಸಿದ ಮೇಲೆ ರಾತ್ರಿಯಿಡೀ ಕಾವಲು ಕೂರುವುದು ನಿನ್ನ ಕೆಲಸವಲ್ಲ. ನಿನಗೂ ಪರೀಕ್ಷೆ ಇದೆ. ಇಷ್ಟು ದಿನ ಒಬ್ಬಳೇ ಇದನ್ನು ನುಂಗಿಕೊಂಡಿದ್ದೀಯ. ಅಮ್ಮನಿಗೆ ಒಂದು ಫೋನ್ ಮಾಡಿ ಎಲ್ಲ ಹೇಳಿಬಿಡು.